ಗುಡಿ ಬೀದಿಯ ಇನ್ನೂರ ನಲವತ್ತು ಮೀಟರು

ನಕ್ಷೆಯ ಪ್ರಕಾರ ಕರಿಯಣ್ಣ ಹುಚ್ಚ. ಹುಚ್ಚನಲ್ಲದಿದ್ದರೆ ಕುಡುಕ. ಎರಡೂ ಅಲ್ಲವೆಂದರೆ ಅವನ ತಲೆಯ ಮೇಲಿದ್ದ ಯಂತ್ರ ಕೆಟ್ಟಿರಬೇಕು. ಇನ್ನೂರ ನಲವತ್ತು ಮೀಟರಿನ ನೇರ ಬೀದಿ ಕಣ್ಣೆದುರಿಗೇ ಇರುವಾಗ, ಊರ ಹಿಂದಿನಿಂದ ಸುತ್ತಿ, ತಿಪ್ಪೆಗುಂಡಿಗಳನ್ನು ಬಳಸಿ, ಹಳ್ಳಕ್ಕಿಳಿದು ಹತ್ತಿ, ಸ್ಮಶಾನದ ಬೇಲಿ ಹಿಡಿದು, ಸಾವಿರದ ಮುನ್ನೂರ ಎಂಬತ್ತು ಮೀಟರ್ ನಡೆದು ನೀರಿಗೆ ಹೋಗುವವನನ್ನು ಕಂಪ್ಯೂಟರ್ ಇನ್ನೇನೆಂದು ತಿಳಿಯಬೇಕು?

ಹೊನ್ನಗೊಂಡನಹಳ್ಳಿ ಇರುವುದು ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ. ಊರಿಗೆ ಒಂದೇ ದೊಡ್ಡ ಬೀದಿ, ಗುಡಿ ಬೀದಿ. ಬೀದಿಯ ಪಡುವಲ ತುದಿಯಲ್ಲಿ ಈಶ್ವರನ ಗುಡಿ, ಗುಡಿಯ ಪಕ್ಕ ನೀರಿನ ಟ್ಯಾಂಕು. ಮೂಡಲ ತುದಿ ಮುಗಿದ ಮೇಲೆ ಒಂದು ಹುಣಸೆಮರ, ಅದರಾಚೆ ಹಟ್ಟಿ. ಅರವತ್ತೆರಡು ಮನೆ. ಹಟ್ಟಿಯವರಿಗೆಂದು ಟ್ಯಾಂಕಿನ ಹಿಂಬದಿಗೆ, ಚರಂಡಿಯ ಮೇಲೆ, ಒಂದು ನಲ್ಲಿ ಕೊಟ್ಟಿದ್ದರು. ಆ ನಲ್ಲಿಗೆ ಹಟ್ಟಿಯ ಹೆಂಗಸರು ಗುಡಿ ಬೀದಿಯಲ್ಲಿ ಹೋಗುತ್ತಿರಲಿಲ್ಲ. ಹೋಗಬೇಡಿ ಎಂದು ಯಾರೂ ಬೋರ್ಡು ಹಾಕಿರಲಿಲ್ಲ. ಬೋರ್ಡಿನ ಅಗತ್ಯವೇ ಬೀಳದಂತೆ ನಾಲ್ಕು ತಲೆಮಾರಿನಿಂದ ದೊಣ್ಣೆಗಳು ಆ ಕೆಲಸ ನೋಡಿಕೊಂಡಿದ್ದವು.

ಎರಡು ಸಾವಿರದ ಒಂಬತ್ತನೇ ಇಸವಿಯಲ್ಲಿ ಹಟ್ಟಿಗೇ ಬೇರೊಂದು ಟ್ಯಾಂಕು ಸಿಗುವ ಯೋಗ ಬಂತು. ನಡೆಯುವ ದಾರಿಯಲ್ಲಿ ಐನೂರು ಮೀಟರಿಗಿಂತ ದೂರದಿಂದ ನೀರು ಹೊರುವ ಪ್ರತಿ ಕೇರಿಗೂ ಪ್ರತ್ಯೇಕ ಟ್ಯಾಂಕು ಎಂದು ಆದೇಶವಾಯಿತು. ದೂರ ಅಳೆಯಲು ನೀರಿನ ಆಫೀಸಿನಲ್ಲಿ ಜನ ಇರಲಿಲ್ಲ. ಇದ್ದವರಿಗೆ ನಡೆಯುವ ಅಭ್ಯಾಸ ಇರಲಿಲ್ಲ. 'ನಮ್ಮೂರ ನಕ್ಷೆ' ನೋಡಿ ದೂರ ಬರೆದುಕೊಳ್ಳಿ ಎಂದು ಮೇಲಿನವರು ಹೇಳಿ ಕೈತೊಳೆದುಕೊಂಡರು.

ನಮ್ಮೂರ ನಕ್ಷೆ ಎಂದರೆ ಇಂಟರ್ನೆಟ್ಟಿನಲ್ಲಿದ್ದ ನಕ್ಷೆ. ಸರ್ಕಾರದ್ದಲ್ಲ, ಜನರದ್ದು. ಯಾರು ಬೇಕಾದರೂ ತಮ್ಮೂರಿನ ದಾರಿ, ಕೆರೆ, ಶಾಲೆ ಸೇರಿಸಬಹುದು, ಯಾರು ಬೇಕಾದರೂ ತಿದ್ದಬಹುದು. ಎಲ್ಲರೂ ತಿದ್ದಿದರೆ ಗೊಂದಲವಾಗುತ್ತದೆಂದು ತಾಲ್ಲೂಕಿಗೊಬ್ಬ ಮೇಲ್ವಿಚಾರಕನನ್ನು ಇಟ್ಟಿದ್ದರು. ಒಂದಕ್ಕೊಂದು ತಾಳೆಯಾಗದ್ದನ್ನು ಅಳಿಸುವುದು ಅವನ ಕೆಲಸ. ಅರಸೀಕೆರೆ ತಾಲ್ಲೂಕಿನ ಮೇಲ್ವಿಚಾರಕ ಇಂದ್ರೇಶ್. ಹೊನ್ನಗೊಂಡನಹಳ್ಳಿಯ ದೊಡ್ಡ ತೆಂಗಿನ ತೋಟದವರೂ ಗ್ರಾಮ ಪಂಚಾಯ್ತಿಯ ಅಧ್ಯಕ್ಷರೂ ಆದ ಇಂದುಧರಪ್ಪನವರ ಮಗ. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ನೋಡಿಕೊಂಡು ಬಿಡುವಿನಲ್ಲಿ ತಾಲ್ಲೂಕನ್ನು ತಿದ್ದುತ್ತಿದ್ದ. ನಕ್ಷೆ ಎಲ್ಲರದ್ದೇ, ಅನುಮಾನವಿಲ್ಲ. ರಬ್ಬರು ಮಾತ್ರ ಅವರ ಮನೆಯಲ್ಲಿತ್ತು.

ಕರಿಯಣ್ಣನ ಮಗಳು ಲಾವಣ್ಯ ಅರಸೀಕೆರೆ ಬಸ್ ಸ್ಟ್ಯಾಂಡಿನ ಎದುರು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದಳು. ನಕ್ಷೆಯವರು ತಿಂಗಳ ಮಟ್ಟಿಗೆ ಕೊಡುವ ಯಂತ್ರವನ್ನು ಸೈನ್ ಹಾಕಿ ತಂದಳು. ಅಂಗೈ ಗಾತ್ರದ್ದು. ಹಿಡಿದುಕೊಂಡು ನಡೆದರೆ ನಡೆದ ದಾರಿಯನ್ನೆಲ್ಲ ಗೆರೆಯಾಗಿ ಬರೆದುಕೊಳ್ಳುತ್ತದೆ.

"ಅಪ್ಪ, ನೀನೇ ನಡಿ. ದಾರಿ ವಿಷಯದಲ್ಲಿ ನಿನ್ ಮಾತು ಯಾರೂ ತೆಗೆದಾಕಂಗಿಲ್ಲ," ಎಂದಳು.

ಅವಳು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಕರಿಯಣ್ಣನದು ಕುಳವಾಡಿ ಮನೆತನ. ಹಿಂದೆ ಇಬ್ಬರು ಜಮೀನಿನವರ ನಡುವೆ ಎಲ್ಲೆಯ ಜಗಳ ಬಂದರೆ ಹಟ್ಟಿಯ ಕುಳವಾಡಿಯನ್ನು ಕರೆಸುತ್ತಿದ್ದರು. ಅವನ ತಲೆಯ ಮೇಲೆ ಮಣ್ಣಿನ ಹೆಂಟೆ ಇಡುತ್ತಿದ್ದರು. ಅವನು ಎಲ್ಲೆಯ ಮೇಲೆ ನಡೆಯಬೇಕು. ಸುಳ್ಳು ಹೆಜ್ಜೆಯಿಟ್ಟರೆ ಹೆಂಟೆ ಒಡೆಯುತ್ತದೆ, ಹದಿನೈದು ದಿನದಲ್ಲಿ ಅವನು ಸಾಯುತ್ತಾನೆ ಎಂದು ನಂಬಿಕೆ. ಕರಿಯಣ್ಣನ ಅಪ್ಪ ದ್ಯಾವಯ್ಯ ಏಳು ಸಲ ನಡೆದಿದ್ದ. ಏಳು ಸಲವೂ ಹೆಂಟೆ ಒಡೆಯಲಿಲ್ಲ. ಅವನು ನಡೆದ ಕಡೆಯೇ ಕಲ್ಲು ನೆಟ್ಟರು. ನಡೆದು ಮುಗಿಸಿ ಬಾಯಾರಿ ನಿಂತರೆ, ಬೊಗಸೆಗೆ ಮೇಲಿನಿಂದ ನೀರು ಸುರಿದರು. ಅವನ ಕಾಲಿನ ಸತ್ಯ ಊರಿಗೆ ಬೇಕಿತ್ತು. ಅವನ ಕೈ ಮುಟ್ಟಿದ ಚೊಂಬು ಬೇಕಿರಲಿಲ್ಲ.

ತೆಂಗಿನ ಗರಿಗಳ ಅಡಿಯಲ್ಲಿ ಯಂತ್ರಕ್ಕೆ ಆಕಾಶ ಕಾಣದೆ ಗೆರೆ ಅಲ್ಲೊಮ್ಮೆ ಇಲ್ಲೊಮ್ಮೆ ನೆಗೆಯಿತು. ಎತ್ತರಕ್ಕೆ ಹಿಡಿಯಬೇಕಂತೆ ಎಂದಳು ಲಾವಣ್ಯ.

"ಎಷ್ಟೊತ್ತು ಅಂತ ಕೈ ಎತ್ಕಂಡಿರ್ಲಿ? ಕೊಡವ್ವ ಇಲ್ಲಿ." ಕರಿಯಣ್ಣ ಯಂತ್ರವನ್ನು ರುಮಾಲಿನ ನೆತ್ತಿಗೆ ಇಟ್ಟು ಟವಲಿನಿಂದ ಬಿಗಿದ. "ಅಪ್ಪ ಮಣ್ಣು ಹೊತ್ತಿದ್ದ. ಇದು ಅದಕ್ಕಿಂತ ಅಗುರ."

ಮುಂದೆ ಹೆಂಡತಿ ಪುಟ್ಟಲಕ್ಷ್ಮಮ್ಮ ಬಿಂದಿಗೆ ಹಿಡಿದು ನಡೆದಳು, ಹಿಂದೆ ಇವನು. ಅವಳದು ದಿನಕ್ಕೆ ಆರು ಸಲದ ದಾರಿ. ತಲೆಯ ಮೇಲೊಂದು, ಸೊಂಟದಲ್ಲೊಂದು. ಹಳ್ಳದ ಏರಿನಲ್ಲಿ ಕಾಲ ಬೆರಳನ್ನು ಮಣ್ಣಿಗೆ ಊರಿ ಹತ್ತಬೇಕು. ಎರಡನೆಯ ಬಸುರಿಯಲ್ಲಿ ಅಲ್ಲೇ ಜಾರಿ ಬಿದ್ದಳು. ಮಗು ಉಳಿಯಲಿಲ್ಲ. ಆಮೇಲೆ ಅವಳ ನಡಿಗೆ ಎಡಕ್ಕೆ ವಾಲಿತು, ವಾಲಿದ್ದು ನೆಟ್ಟಗಾಗಲಿಲ್ಲ. ಹಳ್ಳ ನಕ್ಷೆಯಲ್ಲಿದೆ. ಆ ಮಗು ಎಲ್ಲೂ ಇಲ್ಲ.

ಲಾವಣ್ಯ ಗೆರೆಯನ್ನು ನಕ್ಷೆಗೆ ಏರಿಸಿದಳು. ಮಾರನೆಯ ದಿನಕ್ಕೆ ಗೆರೆ ಮಾಯ. ಅದರ ಜಾಗದಲ್ಲಿ ಮೇಲ್ವಿಚಾರಕನ ಟಿಪ್ಪಣಿ: 'ನೇರ ದಾರಿ ಇದೆ. ಸುತ್ತುಗೆರೆ ಅಸಂಗತ. ದಯವಿಟ್ಟು ಡೇಟಾ ಶುಚಿಯಾಗಿಡಿ.'

ಶುಚಿ ಎಂಬ ಮಾತು ಹಟ್ಟಿಗೆ ಹೊಸದಲ್ಲ. ಇದುವರೆಗೆ ಬೀದಿ, ಗುಡಿ, ಬಾವಿ ಶುಚಿಯಾಗಿರಬೇಕಿತ್ತು. ಈಗ ಆ ಪಟ್ಟಿಗೆ ಡೇಟಾವೂ ಸೇರಿತು.

ಅವಳು ಮತ್ತೆ ಏರಿಸಿದಳು. ಅವನು ಮತ್ತೆ ಅಳಿಸಿದ. ಹಳೆಯದನ್ನೇ ಏರಿಸುತ್ತಿದ್ದಾಳೆ ಎನ್ನಬಾರದೆಂದು ಕರಿಯಣ್ಣ ಪ್ರತಿ ಸಲವೂ ಹೊಸದಾಗಿ ನಡೆದ. ಬೆಳಗ್ಗೆ ತೋಟದಲ್ಲಿ ಕಾಯಿ ಸುಲಿಯಲು ಹೋಗುವ ಮೊದಲು ಒಂದು ಸಲ, ಅಂಗೈ ಬೊಬ್ಬೆಯೊಡೆದು ಬಂದ ಮೇಲೆ ಸಂಜೆ ಒಂದು ಸಲ. ಹದಿಮೂರು ಸಲ. ಹದಿಮೂರು ಗೆರೆಯೂ ಒಂದರ ಮೇಲೊಂದು ಕೂತವು. ಅದೇ ತಿಪ್ಪೆ, ಅದೇ ತಿರುವು, ಅದೇ ಬೇಲಿ. ತಾಳೆಯಾಗುವ ಡೇಟಾ ಬೇಕು ಬೇಕು ಎಂದು ಬಡಿದುಕೊಳ್ಳುವವನಿಗೆ ಇದಕ್ಕಿಂತ ಹೆಚ್ಚಿನ ತಾಳೆ ಯಾವ ದೇಶದಿಂದ ತಂದುಕೊಡಬೇಕಿತ್ತೋ. ಹದಿಮೂರನೆಯದನ್ನು ಅಳಿಸಿ ಅವನು ಬರೆದ: 'ಇದು ಕೊನೆಯ ಎಚ್ಚರಿಕೆ.'

ಅಪ್ಪ ಮಗಳು ಅರಸೀಕೆರೆಯ ಮಂಡಿಗೆ ಹೋದರು. ಇಂದುಧರಪ್ಪನವರೂ ಅಲ್ಲೇ ದಿಂಬಿಗೆ ಒರಗಿದ್ದರು. ಕರಿಯಣ್ಣ ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟು ಬಾಗಿಲಲ್ಲಿ ನಿಂತ. ಇಂದ್ರೇಶ್ ತಾನೇ ಎದ್ದು ಬಂದು ಕುರ್ಚಿ ತೋರಿಸಿದ. ಒಳ್ಳೆಯ ಹುಡುಗ. ಯಾರನ್ನೂ ಏಕವಚನದಲ್ಲಿ ಮಾತಾಡಿಸುವವನಲ್ಲ.

"ನೋಡಿ ಲಾವಣ್ಯ, ನಾನು ಜಾತಿ ನೋಡಲ್ಲ. ಡೇಟಾ ಮಾತ್ರ ನೋಡ್ತೀನಿ. ನೇರ ದಾರಿ ಇರೋವಾಗ ಯಾರಾದ್ರೂ ಸುತ್ಕೊಂಡು ಹೋಗ್ತಾರಾ? ಲಾಜಿಕ್ಕೇ ಇಲ್ಲ."

ಟೀ ಬಂತು. ಅಪ್ಪ ಮಗನಿಗೆ ಸ್ಟೀಲ್ ಲೋಟ, ಇವರಿಬ್ಬರಿಗೆ ಪ್ಲಾಸ್ಟಿಕ್ ಕಪ್ಪು. ಲಾವಣ್ಯ ಕಪ್ಪನ್ನೇ ನೋಡುತ್ತಿದ್ದುದನ್ನು ಕಂಡು ಇಂದ್ರೇಶ್ ನಕ್ಕ. "ಗೆಸ್ಟ್‌ಗಳಿಗೆ ಯೂಸ್ ಅಂಡ್ ಥ್ರೋ. ಹೈಜೀನಿಕ್." ಪಕ್ಕದಲ್ಲಿ ತಿಪಟೂರಿನ ವ್ಯಾಪಾರಿಯೊಬ್ಬ ಕೂತಿದ್ದ. ಅವನೂ ಗೆಸ್ಟೇ. ಅವನ ಕೈಯಲ್ಲಿ ಸ್ಟೀಲ್ ಲೋಟವಿತ್ತು. ಈ ಡೇಟಾದಲ್ಲಿ ಇಂದ್ರೇಶನಿಗೆ ಅಸಂಗತವೇನೂ ಕಾಣಲಿಲ್ಲ.

"ಸುತ್ತೋಕೆ ಏನಾದ್ರೂ ಕಾರಣ ಇದ್ರೆ ಕಾರಣದ ಕಾಲಂ ತುಂಬಿ," ಎಂದು ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದ. "ಏಳು ಆಯ್ಕೆ ಕೊಟ್ಟಿದ್ದೀವಿ. ಪ್ರವಾಹ, ಕುಸಿದ ಸೇತುವೆ, ಬಿದ್ದ ಮರ, ಕಾಡುಪ್ರಾಣಿ, ಕಾಮಗಾರಿ, ಗೇಟು, ಮಿಲಿಟರಿ."

"ಎಂಟನೇದು ಒಂದು ಸೇರಿಸಿ ಸಾರ್," ಎಂದಳು ಲಾವಣ್ಯ. "ಜಾತಿ ಅಂತ."

ಮಂಡಿಯಲ್ಲಿ ಕೊಬ್ಬರಿ ತೂಗುತ್ತಿದ್ದವರ ಕೈ ನಿಂತಿತು. ಅಲ್ಲಿದ್ದ ಪ್ರತಿಯೊಬ್ಬನಿಗೂ ಕಾರಣ ಗೊತ್ತಿತ್ತು. ತಿಪಟೂರಿನವನಿಗೂ ಗೊತ್ತಿತ್ತು. ಕಂಪ್ಯೂಟರಿಗೆ ಮಾತ್ರ ಗೊತ್ತಿರಲಿಲ್ಲ, ಅದಕ್ಕೆ ಯಾರೂ ಹೇಳಿರಲಿಲ್ಲ.

ಇಂದ್ರೇಶ್ ಕಂಪ್ಯೂಟರನ್ನು ತನ್ನ ಕಡೆಗೆ ತಿರುಗಿಸಿಕೊಂಡ. "ಅದು ನಿಮ್ಮ ಫೀಲಿಂಗು. ನಕ್ಷೇಲಿ ಫೀಲಿಂಗ್ ಹಾಕೋಕಾಗಲ್ಲ. ಪ್ರೂಫ್ ಬೇಕು. ಆ ಬೀದೀಲಿ ಇವರನ್ನ ಬಿಡಲ್ಲ ಅಂತ ಊರಿನೋರು ಬರೆದುಕೊಡ್ಲಿ, ಈಗಲೇ ಹಾಕ್ತೀನಿ."

"ಏನಮ್ಮ, ನಮ್ಮನ್ನೆಲ್ಲ ಜೈಲಿಗೆ ಕಳಿಸ್ಬೇಕು ಅಂತಿದ್ದೀಯ?" ಇಂದುಧರಪ್ಪನವರು ದಿಂಬಿನಿಂದ ಎದ್ದು ಕೂತರು. "ಯಾರ್ಲಾ ಕರಿಯ ನಿಂಗೆ ಬರಬ್ಯಾಡ ಅಂದೋರು? ನಾನಂದಿದ್ದೀನಾ?"

"ಇಲ್ಲ ಬುದ್ಧಿ," ಎಂದ ಕರಿಯಣ್ಣ. ಅವರು ಅಂದಿರಲಿಲ್ಲ, ನಿಜ. ಹತ್ತು ವರ್ಷದವನಿದ್ದಾಗ, ಹಗ್ಗ ಕಿತ್ತುಕೊಂಡ ಕರುವಿನ ಹಿಂದೆ ಓಡಿ ಅವನು ಗುಡಿ ಬೀದಿಗೆ ನುಗ್ಗಿದ್ದ. ಹುಣಸೆಮರಕ್ಕೆ ಕಟ್ಟಿ ಹೊಡೆದಿದ್ದರು. ಹೊಡೆದವರು ಇವರ ಅಪ್ಪ. ಕರುವೂ ಅವರದೇ.

ಇಂದುಧರಪ್ಪನವರು ಪಂಚಾಯ್ತಿಯ ಲೆಟರ್‌ಹೆಡ್ ತರಿಸಿ ತಾವೇ ಬರೆದರು: ಗುಡಿ ಬೀದಿಯು ಎಲ್ಲ ಜನಾಂಗದವರಿಗೂ ಸದಾ ಮುಕ್ತವಾಗಿರುತ್ತದೆ, ಯಾರಿಗೂ ಯಾವುದೇ ಅಡ್ಡಿ ಇರುವುದಿಲ್ಲ. ಸಹಿ ಹಾಕಿ ಸೀಲು ಒತ್ತಿದರು. ಇಂದ್ರೇಶ್ ಕಾಗದವನ್ನು ಸ್ಕ್ಯಾನ್ ಮಾಡಿ, ಸಾಕ್ಷಿ ಎಂದು ನಕ್ಷೆಗೆ ಲಗತ್ತಿಸಿ, ನೇರ ಗೆರೆಗೆ ಬೀಗ ಹಾಕಿದ. ಇನ್ನು ಆ ದಾರಿಯನ್ನು ಬದಲಿಸಬೇಕಾದರೆ ಹೊಸದಾಗಿ ನಡೆದ ಗೆರೆ ಬೇಕು, ಅದರ ಜೊತೆಗೆ ತುಂಬಿದ ಕಾರಣದ ಕಾಲಂ ಬೇಕು. ಹಾಗೆಂದು ನಿಯಮ ಮಾಡಿದವನೂ ಅವನೇ.

ನೀರಿನ ಆಫೀಸಿನ ಇಂಜಿನಿಯರ್ ಹನುಮಂತಯ್ಯ ನಕ್ಷೆ ನೋಡಿದರು. ಇನ್ನೂರ ನಲವತ್ತು. ಐನೂರಕ್ಕಿಂತ ಕಡಿಮೆ. ಟ್ಯಾಂಕು ಬರುವುದಿಲ್ಲ ಎಂದು ಫೈಲು ಕಟ್ಟಿದರು. ಲಾವಣ್ಯ ಆ ಪಂಚಾಯ್ತಿ ಪತ್ರದ ಮೂವತ್ತು ಜೆರಾಕ್ಸ್ ತೆಗೆದುಕೊಂಡು ಊರಿಗೆ ಬಂದಳು.

ಪತ್ರವನ್ನು ಅವಳು ಓದಿ ಹೇಳಿದಾಗ ಪುಟ್ಟಲಕ್ಷ್ಮಮ್ಮ ಸೊಂಟಕ್ಕೆ ಬಿಸಿನೀರಿನ ಬಟ್ಟೆ ಒತ್ತಿಕೊಂಡು ಕೂತಿದ್ದಳು.

"ಇನ್ನೊಂದ್ ಸಲ ಓದವ್ವ."

ಲಾವಣ್ಯ ಓದಿದಳು.

"ಎಲ್ಲಾ ಜನಾಂಗ ಅಂದ್ರೆ ನಾವೂ ಬಂದ್ವಾ?"

"ಬಂದ್ವಿ ಕಣವ್ವ. ಸೀಲು ಐತೆ."

"ಹಂಗಾದ್ರೆ ನಾನ್ಯಾಕೆ ಸುತ್ಲಿ?" ಅವಳು ಬಟ್ಟೆಯನ್ನು ಎಸೆದಳು. "ನಾಳೆಯಿಂದ ನಾನು ನಕ್ಷೇಲಿದ್ದಂಗೆ ಓಗೋಳು. ಗಂಡಸ್ರು ಬರೋದಾದ್ರೆ ಬರ್ಲಿ. ಇಲ್ದಿದ್ರೆ ಒಲೆ ಮುಂದೆ ಕೂತಿರ್ಲಿ."

ಕರಿಯಣ್ಣನಿಗೆ ಬೆನ್ನಿನ ಮೇಲೆ ಹಳೆಯ ಹುಣಸೆ ಬರಲು ಮತ್ತೆ ಬಿದ್ದಂತಾಯಿತು. ಅವನಿಗೆ ಭಯವಾಯಿತು. ಭಯವಾಯಿತು ಎಂದು ಹೇಳಲು ನಾಚಿಕೆಯೇನಿಲ್ಲ. ಹೊಡೆತ ತಿಂದವನಿಗೆ ತಾನೆ ಭಯ, ಹೊಡೆದವರಿಗೆ ಅದೆಲ್ಲಿ ಗೊತ್ತು? ಆದರೂ ಬೆಳಗ್ಗೆ ಅವನು ರುಮಾಲು ಸುತ್ತಿದ, ಯಂತ್ರವನ್ನು ನೆತ್ತಿಗೆ ಬಿಗಿದ, ಮತ್ತೆ ಹೊರಗೆ ಬಂದು ಚಪ್ಪಲಿ ಮೆಟ್ಟಿದ. ಊರಿನ ಕಡೆಗೆ ಚಪ್ಪಲಿ ಮೆಟ್ಟಿ ಅವನು ಎಂದೂ ಹೋದವನಲ್ಲ.

ಹುಣಸೆಮರ ದಾಟಿದರು. ಮುಂದೆ ಕರಿಯಣ್ಣ, ಪಕ್ಕದಲ್ಲಿ ಲಾವಣ್ಯ, ಹಿಂದೆ ಪುಟ್ಟಲಕ್ಷ್ಮಮ್ಮನ ಜೊತೆ ಇಪ್ಪತ್ತೆಂಟು ಹೆಂಗಸರು. ಬಿಂದಿಗೆ ಬಿಂದಿಗೆ ತಗುಲಿ ಸದ್ದಾಗುತ್ತಿತ್ತು. ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದ ಇಂದುಧರಪ್ಪನವರ ಹೆಂಡತಿ ಸುಮಿತ್ರಮ್ಮ ಮೊರವನ್ನು ಹಾಗೇ ಹಿಡಿದುಕೊಂಡು ಎದ್ದುನಿಂತರು. ಬಾಗಿಲು ಬಾಗಿಲಲ್ಲೂ ಜನ. ಜವರಪ್ಪ ಎಂಬ ಅವರ ತೋಟದ ಮೇಸ್ತ್ರಿ ಕೈಗೆ ದೊಣ್ಣೆ ತಗೊಂಡು ಬೀದಿಗಿಳಿದ. ಲಾವಣ್ಯ ಅವನ ಕೈಗೆ ಒಂದು ಜೆರಾಕ್ಸ್ ಕೊಟ್ಟಳು. ಅವನಿಗೆ ಓದಲು ಬರುತ್ತಿರಲಿಲ್ಲ. ಸೀಲು ಗುರುತು ಹತ್ತಿತು. ಯಜಮಾನರ ಸೀಲಿಗೆ ದೊಣ್ಣೆ ಎತ್ತುವುದು ಹೇಗೆಂದು ತಿಳಿಯದೆ ಅವನು ದೊಣ್ಣೆಯನ್ನು ಊರುಗೋಲು ಮಾಡಿಕೊಂಡು ನಿಂತ.

ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಇಂದುಧರಪ್ಪನವರು ಹೊರಗೆ ಬಂದರು. ನೊರೆ ಉಗಿದರು.

"ಏನ್ಲಾ ಕರಿಯ, ದಾರಿ ತಪ್ತೇನ್ಲಾ?"

ಬುದ್ಧಿ ಎಂಬ ಮಾತು ಕರಿಯಣ್ಣನ ಗಂಟಲಿಗೆ ಬಂತು. ಐವತ್ತೆಂಟು ವರ್ಷ ಕರೆಯದೆಯೇ ಬರುತ್ತಿದ್ದ ಮಾತು. ಅವನು ಅದನ್ನು ನುಂಗಿದ.

"ಇಲ್ಲ ಇಂದುಧರಪ್ಪೋರೆ. ಇಷ್ಟ್ ದಿನ ತಪ್ಪಿತ್ತು. ನಿಮ್ ಮಗನೇ ತಿದ್ಕೊಟ್ರು."

ಇಂದುಧರಪ್ಪೋರೆ! ಆ ಹೆಸರನ್ನು ಹಟ್ಟಿಯ ಬಾಯಲ್ಲಿ ಆ ಬೀದಿ ಕೇಳಿದ್ದು ಅದೇ ಮೊದಲು.

"ತಲೆ ಮ್ಯಾಲೇನ್ಲಾ ಅದು?"

"ಯಂತ್ರ. ನಾನೆಲ್ಲಿ ನಡೆದೆ, ಎಲ್ಲಿ ನಿಂತೆ, ಎಲ್ಲಾ ಬರ್ಕಂತದೆ. ಯಾರಾನ ತಡೆದ್ರೆ ಅಲ್ಲೊಂದು ಚುಕ್ಕಿ ಬೀಳ್ತದೆ."

ಯಾರಿಗೂ ಚುಕ್ಕಿಯಾಗುವ ಮನಸ್ಸಿರಲಿಲ್ಲ. ಹೆಂಗಸರು ನಡೆದರು. ಟ್ಯಾಂಕಿನ ಹಿಂಬದಿಗಲ್ಲ, ಊರಿನವರು ಹಿಡಿಯುವ ಮುಂದಿನ ನಲ್ಲಿಗೆ. ಪುಟ್ಟಲಕ್ಷ್ಮಮ್ಮ ಬಿಂದಿಗೆಯನ್ನು ಕೆಳಗಿಟ್ಟು, ತಿರುಗಿ, ಬಂದ ದಾರಿಯನ್ನು ನೋಡಿದಳು. ಆ ತುದಿಯಲ್ಲಿ ಹುಣಸೆಮರ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು.

"ಇಷ್ಟೇನಾ?" ಎಂದಳು. "ಇಷ್ಟೇ ಇಷ್ಟಾ?"

ನಲ್ಲಿಯ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಅತ್ತಳು. ಸಂತೋಷಕ್ಕಲ್ಲ. ಆ ಹಳ್ಳ, ಆ ಏರು, ಆ ಮಗು, ಎಲ್ಲವೂ ಈ ಇನ್ನೂರ ನಲವತ್ತು ಮೀಟರಿಗೆ ತೆತ್ತ ಬೆಲೆ.

ಅಂದೇ ಲಾವಣ್ಯ ಹದಿನಾಲ್ಕನೆಯ ಗೆರೆ ಏರಿಸಿದಳು. ಗುಡಿ ಬೀದಿಯಲ್ಲಿ ನೆಟ್ಟಗೆ ಬಿದ್ದ ಗೆರೆ. ಊರಿನ ಸುದ್ದಿ ಮಂಡಿಗೆ ಇನ್ನೂ ಮುಟ್ಟಿರಲಿಲ್ಲ. ಇಂದ್ರೇಶ್ ಐದೇ ನಿಮಿಷದಲ್ಲಿ ಒಪ್ಪಿ ಬರೆದ: 'ತುಂಬಾ ಧನ್ಯವಾದ. ಈಗ ಡೇಟಾ ತಾಳೆಯಾಯಿತು.' ಅದರ ಹಿಂದೆಯೇ ಅವನಿಗೆ ಅಪ್ಪನ ಫೋನ್ ಬಂತು.

ಊರಿನವರು ಸುಮ್ಮನೆ ಕೂರಲಿಲ್ಲ. ಮುಂದಿನ ನಲ್ಲಿಗೆ ಸರಪಳಿ ಬಿಗಿದರು. ಎರಡು ದಿನ ಊರಿಗೂ ನೀರಿಲ್ಲ. ಹಿಂಬದಿಯ ನಲ್ಲಿಯಲ್ಲಿ ಹಿಡಿಯಲು ಊರಿನ ಹೆಂಗಸರು ಒಪ್ಪಲಿಲ್ಲ, ಅದು ಚರಂಡಿಯ ಮೇಲಿದೆಯಂತೆ. ಇಪ್ಪತ್ತು ವರ್ಷದಿಂದ ಅದು ಅಲ್ಲೇ ಇತ್ತು. ಮೂರನೆಯ ದಿನ ಸುಮಿತ್ರಮ್ಮನವರೇ ಸರಪಳಿ ಬಿಚ್ಚಿಸಿದರು. ಹಟ್ಟಿಯ ಹೆಂಗಸರು ದಿನಾ ಬಂದರು. ಎಂಟನೆಯ ದಿನ ಗುಡಿಯಲ್ಲಿ ಊರಿನ ಯಜಮಾನರೆಲ್ಲ ಕೂತು, ಹಟ್ಟಿಗೆ ನೀರಿನ ತೊಂದರೆ ವಿಪರೀತವಾಗಿದೆ, ಕೂಡಲೇ ಪ್ರತ್ಯೇಕ ಟ್ಯಾಂಕು ಕೊಡಬೇಕು ಎಂದು ಒಕ್ಕೊರಲಿನಿಂದ ತೀರ್ಮಾನ ಮಾಡಿದರು. ಹಟ್ಟಿಯ ಕಷ್ಟಕ್ಕೆ ಊರು ಇಷ್ಟು ಮರುಗಿದ್ದನ್ನು ಯಾರೂ ಕಂಡಿರಲಿಲ್ಲ. ಆದರೆ ನಕ್ಷೆ ಇನ್ನೂರ ನಲವತ್ತು ಎನ್ನುತ್ತಿತ್ತು. ಹನುಮಂತಯ್ಯನವರು ನಕ್ಷೆ ಬಿಟ್ಟು ಬೇರೆ ನೋಡುವುದಿಲ್ಲ ಎಂದರು. ಹಳೆಯ ಸುತ್ತುಗೆರೆ ವಾಪಸ್ಸು ಬರಬೇಕಿತ್ತು, ಅದಕ್ಕೆ ಹೊಸದಾಗಿ ನಡೆದ ಗೆರೆಯೇ ಆಗಬೇಕಿತ್ತು.

ಅದಕ್ಕೇ ಇಂದ್ರೇಶ್ ಹಟ್ಟಿಗೆ ಬಂದ. ಹುಟ್ಟಿ ಇಪ್ಪತ್ತೇಳು ವರ್ಷಕ್ಕೆ ಅದೇ ಮೊದಲ ಸಲ. ಟ್ಯಾಂಕಿನ ಹತ್ತಿರ ಬೈಕು ನಿಲ್ಲಿಸಿ, ಯಂತ್ರ ಹಿಡಿದು, ತಿಪ್ಪೆ ಬಳಸಿ, ಹಳ್ಳಕ್ಕಿಳಿದು, ಸ್ಮಶಾನದ ಬೇಲಿಗುಂಟ ಸಾವಿರದ ಮುನ್ನೂರ ಎಂಬತ್ತು ಮೀಟರ್ ನಡೆದು ಬಂದ. ಬಿಳಿ ಬೂಟು ಸಗಣಿ, ಕೆಸರಿನಲ್ಲಿ ಮುಳುಗಿತ್ತು. ಬೆವರು ಕಣ್ಣಿಗಿಳಿಯುತ್ತಿತ್ತು. ಪುಟ್ಟಲಕ್ಷ್ಮಮ್ಮ ಸ್ಟೀಲ್ ಲೋಟದಲ್ಲಿ ನೀರು ತಂದುಕೊಟ್ಟಳು. ಅವನು ಲೋಟವನ್ನು ಹಿಡಿದುಕೊಂಡ, ಕುಡಿಯಲಿಲ್ಲ.

"ಕರಿಯಣ್ಣೋರೆ, ನಿಮ್ಮ ಹಳೇ ಗೆರೆ ಸರಿಯಾಗೇ ಇತ್ತು. ನಾನೇ ನಡೆದು ನೋಡ್ದೆ. ಈಗ ಇದನ್ನ ಏರಿಸ್ತೀನಿ, ಹಟ್ಟಿಯಿಂದ ನಿಮ್ಮದೊಂದು ಸೈನ್ ಸಾಕು. ಇನ್ನೊಂದು ತಿಂಗಳಲ್ಲಿ ಟ್ಯಾಂಕ್ ಬರುತ್ತೆ. ಗುಡಿ ಬೀದಿನ ಖಾಸಗಿ ರಸ್ತೆ ಅಂತ ಗುರುತು ಮಾಡ್ತೀವಿ, ಅಷ್ಟೇ."

ಹಟ್ಟಿಯ ಜನ ಸುತ್ತ ನಿಂತಿದ್ದರು. ಟ್ಯಾಂಕು. ಮನೆ ಬಾಗಿಲಲ್ಲಿ ನೀರು. ಕರಿಯಣ್ಣ ಹೆಂಡತಿಯ ಕಡೆ ನೋಡಿದ. ವಾಲಿದ ಸೊಂಟ ಅವಳದು, ಮಾತೂ ಅವಳದೇ ಆಗಬೇಕು.

"ಟ್ಯಾಂಕು ಬ್ಯಾಡ ಅಂತ ನನ್ ಸೊಂಟ ಯಾವತ್ತೂ ಅನ್ನಾಕಿಲ್ಲ," ಎಂದಳು ಪುಟ್ಟಲಕ್ಷ್ಮಮ್ಮ. "ಆದ್ರೆ ದಾರಿ ಕೊಟ್ಟು ಈಸ್ಕಳ್ಳೋ ನೀರು ನಂಗೆ ಗಂಟಲಲ್ಲಿ ಇಳಿಯಾಕಿಲ್ಲ. ಟ್ಯಾಂಕು ಕೊಡೋದಾದ್ರೆ ಬೀದಿ ಬೀದಿಯಾಗೇ ಇರ್ಲಿ, ಹಂಗೇ ಕೊಡ್ಲಿ. ಅದಕ್ಕೆ ಬಡಿದಾಡ್ತೀವಿ. ಸೈನು ಹಾಕಾಕಿಲ್ಲ."

ಖಾಲಿ ಬಿಂದಿಗೆ ಎತ್ತಿ ಸೊಂಟಕ್ಕಿಟ್ಟುಕೊಂಡು ಅವಳು ಗುಡಿ ಬೀದಿಯ ಕಡೆ ಹೊರಟಳು. ನಾಲ್ಕಾರು ಹೆಂಗಸರು ಹಿಂದೆ ಹೋದರು.

"ಸೈನ್ ಇಲ್ದಿದ್ರೂ ಏರಿಸ್ಬಹುದು," ಎಂದ ಇಂದ್ರೇಶ್. ಅವನ ದನಿಯಲ್ಲಿ ಮೊದಲಿನ ಮೃದುತನ ಇರಲಿಲ್ಲ. "ನಾನು ಮೇಲ್ವಿಚಾರಕ."

"ಏರಿಸಿ ಸ್ವಾಮಿ," ಎಂದ ಕರಿಯಣ್ಣ. "ಆದ್ರೆ ಒಂದು ಮಾತು. ನೇರ ದಾರಿ ಐತೆ, ಎಲ್ಲಾರ್ಗೂ ಮುಕ್ತ ಐತೆ, ಸೀಲೂ ಐತೆ. ನೀವ್ಯಾಕೆ ತಿಪ್ಪೆ ತುಳ್ಕಂಡು ಸುತ್ಕಂಡು ಬಂದ್ರಿ? ಕಾರಣದ ಕಾಲಂನಾಗೆ ಏನಂತ ಬರೀತೀರಿ?"

ಇಂದ್ರೇಶ್ ಯಂತ್ರದ ಗುಂಡಿ ಒತ್ತಿದ. ಅವನೇ ಮಾಡಿಟ್ಟಿದ್ದ ಏಳು ಆಯ್ಕೆಗಳು ಬಂದವು. ಹೆಬ್ಬೆರಳು ಪ್ರವಾಹದಿಂದ ಮಿಲಿಟರಿಯವರೆಗೆ ಇಳಿಯಿತು. ಮಿಲಿಟರಿಯಿಂದ ಪ್ರವಾಹಕ್ಕೆ ಹತ್ತಿತು. ಮತ್ತೆ ಇಳಿಯಿತು. ಬಿಸಿಲು ಕಾಯುತ್ತಿತ್ತು. ಇನ್ನೊಂದು ಕೈಯಲ್ಲಿದ್ದ ಲೋಟದ ನೀರು ಹಾಗೇ ಇತ್ತು.

"ಎಂಟನೇದು ಸೇರಿಸಿ ಸಾರ್," ಎಂದಳು ಲಾವಣ್ಯ. "ಪ್ರೂಫ್ ಬೇಕು ಅಂದಿದ್ರಲ್ಲ. ನಿಮ್ಮ ಕಾಲಲ್ಲೇ ಇದೆ."

ಇಂದ್ರೇಶ್ ತನ್ನ ಬೂಟು ನೋಡಿಕೊಂಡ.